ಹಳೆಯ ಮುಖಗಳ ಹರಾಜು: ಕೊಳ್ಳುವ ಮುನ್ನ, ಮಾರುವ ಮುನ್ನ ನಾಲ್ಕು ಪ್ರಶ್ನೆಗಳು

ಹಳೆಯ ಭಾವಚಿತ್ರಗಳ ಹರಾಜು ಎಂದ ಕೂಡಲೇ ಅದು ಲಂಡನ್ನಿನ ಶ್ರೀಮಂತರ ಹವ್ಯಾಸ, ಕೊಳ್ಳೇಗಾಲ, ಹನೂರು, ರಾಮಾಪುರದ ಕಡೆ ಕುಳಿತು ಟಿ.ವಿ. ನೋಡುವವರಿಗೆ ಅದರಿಂದ ಆಗಬೇಕಾದದ್ದೇನು ಎಂದು ವೀಕ್ಷಕರು ಕೇಳುವುದು ಸಹಜ. ಈ ವಿಷಯವನ್ನು ನಮ್ಮ ಚರ್ಚೆಗೆ ಆರಿಸಿಕೊಳ್ಳಲು ಮೂರು ಕಾರಣಗಳಿವೆ. ವಿದೇಶದ ಹರಾಜು ಕಟ್ಟೆಗೆ ಬಂದು ಹೆಸರಾದ ಒಂದು ದೊಡ್ಡ ಭಾವಚಿತ್ರದಲ್ಲಿರುವವರು ನಮ್ಮ ಮೈಸೂರಿನ ರಾಣಿಯರೆಂದು ಇತಿಹಾಸಕಾರರೊಬ್ಬರು ತೋರಿಸಿಕೊಟ್ಟಿದ್ದಾರೆ. ಇದು ಮೊದಲನೆಯದು. ಎರಡನೆಯದು, ಅಂಗೈಯಗಲದ ಕಿರು ಭಾವಚಿತ್ರಗಳನ್ನು ಇನ್ನೂರು ವರ್ಷ ಕಾಲ ಬರೆದದ್ದು ಆನೆಯ ದಂತದ ಮೇಲೆ. ದಂತದ ಆಸೆಗೆ ತೆತ್ತ ಬೆಲೆ ಎಂಥದೆಂಬುದು ರಾಮಾಪುರದವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲಾರದು. ಮೂರನೆಯದು ಎಲ್ಲರ ಮನೆಗೂ ಸಂಬಂಧಿಸಿದ್ದು. ಅಜ್ಜನ ಕಾಲದ ಪೆಟ್ಟಿಗೆಯಲ್ಲೋ ಅಟ್ಟದ ಮೇಲೋ ಹಳೆಯ ಚಿತ್ರಗಳು ಇನ್ನೂ ಉಳಿದಿವೆ, ಹಳೆ ಸಾಮಾನಿನವರ ಕೈಗೆ ಅವು ದಿನವೂ ಹೋಗುತ್ತಿವೆ.

ಕೊಳ್ಳುವವರಿರಲಿ, ಮಾರುವವರಿರಲಿ, ಹಳೆಯ ಭಾವಚಿತ್ರದ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಚಿತ್ರದಲ್ಲಿರುವವರು ಯಾರು? ಬರೆದವರು ಯಾರು? ಯಾವುದರ ಮೇಲೆ ಬರೆದಿದ್ದಾರೆ? ಯಾವ ದಾರಿಯಿಂದ ಇಲ್ಲಿಗೆ ಬಂತು? ಇವನ್ನು ಒಂದೊಂದಾಗಿ ನೋಡುವ ಮೊದಲು ಹರಾಜು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದುಕೊಳ್ಳೋಣ.

ಹರಾಜಿನ ಲೆಕ್ಕ

ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೂಗು ನೋಡಿದವರಿಗೆ ಹರಾಜಿನ ಮೂಲ ತತ್ತ್ವವನ್ನು ಹೊಸದಾಗಿ ಹೇಳಬೇಕಿಲ್ಲ. ಸೋದಬೀಸ್ (ಸ್ಥಾಪನೆ 1744), ಕ್ರಿಸ್ಟೀಸ್ (1766) ಮುಂತಾದ ಲಂಡನ್ನಿನ ಸಂಸ್ಥೆಗಳಲ್ಲಿ ನಡೆಯುವುದೂ ಅದೇ ಕೂಗು. ಒಂದೊಂದು ವಸ್ತುವಿಗೂ ಒಂದು ಲಾಟ್ ಸಂಖ್ಯೆ ಇರುತ್ತದೆ. ಮುದ್ರಿತ ಕ್ಯಾಟಲಾಗಿನಲ್ಲಿ ಅದರ ವಿವರ, ಜೊತೆಗೆ ಇಷ್ಟರಿಂದ ಇಷ್ಟರವರೆಗೆ ಬೆಲೆ ಬಾಳಬಹುದೆಂಬ ಅಂದಾಜು ಇರುತ್ತದೆ. ಮಾರುವವರು ಗುಟ್ಟಾಗಿ ಒಂದು ಕನಿಷ್ಠ ಬೆಲೆಯನ್ನು ಗೊತ್ತುಮಾಡಿರುತ್ತಾರೆ. ಕೂಗು ಅಲ್ಲಿಗೆ ಮುಟ್ಟದಿದ್ದರೆ ಚಿತ್ರ ವಾಪಸು ಹೋಗುತ್ತದೆ.

ಸುತ್ತಿಗೆ ಬಿದ್ದ ಬೆಲೆಯೇ ಕೊನೆಯ ಬೆಲೆಯಲ್ಲ. ಅದರ ಮೇಲೆ ಸಂಸ್ಥೆಯವರು ಕೊಂಡವರಿಂದ ಶುಲ್ಕ ವಸೂಲು ಮಾಡುತ್ತಾರೆ. ಸುತ್ತಿಗೆ ಬೆಲೆ ಒಂದು ಲಕ್ಷ ರೂಪಾಯಿ, ಶುಲ್ಕ ಶೇಕಡ 25 ಎಂದಿಟ್ಟುಕೊಳ್ಳಿ. ತೆರಬೇಕಾದದ್ದು 1,25,000. ಅದರ ಮೇಲೆ ತೆರಿಗೆ, ಸಾಗಣೆ, ವಿಮೆ. ಈ ಲೆಕ್ಕವನ್ನು ಮನೆಯಲ್ಲೇ ಮಾಡಿ, ಮುಟ್ಟಬಹುದಾದ ಮೇಲ್ಮಿತಿಯನ್ನು ಕಾಗದದ ಮೇಲೆ ಬರೆದುಕೊಂಡು ಹೋಗುವವರೇ ಜಾಣರು.

ಇನ್ನೊಂದು ಸೂಕ್ಷ್ಮವಿದೆ. ಕೂಗಿನಲ್ಲಿ ಬೆಲೆಯನ್ನು ತೀರ್ಮಾನಿಸುವವನು ಗೆದ್ದವನಲ್ಲ, ಸೋತವರಲ್ಲಿ ಕೊನೆಯವನು. ಅವನು ಎಲ್ಲಿ ಕೈಬಿಡುತ್ತಾನೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಸುತ್ತಿಗೆ ಬೀಳುತ್ತದೆ. ಹಟಕ್ಕೆ ಬಿದ್ದ ಇಬ್ಬರು ಸಾಕು, ಸಾಧಾರಣ ಚಿತ್ರಕ್ಕೂ ಅಸಾಧಾರಣ ಬೆಲೆ ಬರುತ್ತದೆ. ಆದ್ದರಿಂದ ಒಂದೇ ಹರಾಜಿನ ಬೆಲೆ ನೋಡಿ ನಮ್ಮ ಮನೆಯ ಚಿತ್ರಕ್ಕೂ ಅಷ್ಟೇ ಬರುತ್ತದೆಂದು ಲೆಕ್ಕ ಹಾಕಬಾರದು.

ಮೊದಲ ಪ್ರಶ್ನೆ: ಇವರು ಯಾರು?

ಥಾಮಸ್ ಹಿಕಿ (1741–1824) ಡಬ್ಲಿನ್ ನಗರದಲ್ಲಿ ಹುಟ್ಟಿದ ಐರಿಷ್ ಚಿತ್ರಕಾರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ರಾಜಮನೆತನದವರ, ಕಂಪನಿಯ ಅಧಿಕಾರಿಗಳ ಮುಖಗಳನ್ನು ಬರೆದವನು. ಸುಮಾರು 1805ರಲ್ಲಿ ಅವನು ಬರೆದ ಒಂದು ತೈಲಚಿತ್ರದಲ್ಲಿ ಮೂವರು ಹೆಂಗಸರಿದ್ದಾರೆ. ಇವರು ಯಾರೋ ನರ್ತಕಿಯರು ಎಂದೇ ಬಹಳ ಕಾಲ ನಂಬಲಾಗಿತ್ತು. ಹೆಸರಿಲ್ಲದ ಹೆಂಗಸರ ಚಿತ್ರ, ಅದರಲ್ಲೂ ಪರದೇಶಿ ಚಿತ್ರಕಾರನೊಬ್ಬನ ಮುಂದೆ ಕುಳಿತವರು, ರಾಣಿವಾಸದವರಾಗಿರಲು ಸಾಧ್ಯವೇ ಇಲ್ಲ ಎಂಬ ಎಣಿಕೆ ಅದರ ಹಿಂದಿತ್ತು.

ಮೈಸೂರಿನ ಇತಿಹಾಸವನ್ನು ಅಭ್ಯಾಸ ಮಾಡಿದ ನೈಜೆಲ್ ಚಾನ್ಸಲರ್ ಎಂಬ ವಿದ್ವಾಂಸರು ಇದನ್ನು ಒಪ್ಪಲಿಲ್ಲ. 2001ರಲ್ಲಿ ಪ್ರಕಟವಾದ ಅವರ ಲೇಖನದ ವಾದ ಹೀಗಿದೆ. ಮೈತುಂಬ ಇರುವ ಚಿನ್ನದ ಆಭರಣಗಳು, ತಲೆಯ ಅಲಂಕಾರ ಒಡೆಯರ ಅರಮನೆಯ ರಾಣಿಯರದು. ಚಿತ್ರದ ಕಾಲವೂ ಮುಮ್ಮಡಿ ಕೃಷ್ಣರಾಜ ಒಡೆಯರ ವಿವಾಹದ ಕಾಲಕ್ಕೆ ಹೊಂದುತ್ತದೆ. ಅಕ್ಕಪಕ್ಕದಲ್ಲಿರುವವರು ದೇವಾಜಮ್ಮಣ್ಣಿ ಎಂಬ ಒಂದೇ ಹೆಸರಿನ ಇಬ್ಬರು ಎಳೆಯ ರಾಣಿಯರು. ನಡುವೆ ನಿಂತವರು ರಾಜರ ಅಜ್ಜಿ, ಮಹಾರಾಣಿ ಲಕ್ಷ್ಮಮ್ಮಣ್ಣಿಯವರು.

ಎಲ್ಲಕ್ಕಿಂತ ಕುತೂಹಲದ ಸಂಗತಿ ಕಿರಿಯ ರಾಣಿಯ ಕೈಯಲ್ಲಿದೆ. ಆಕೆ ಸೆರಗನ್ನು ಸರಿಸಿ ತೋಳಿನ ಒಂದು ಜಾಗವನ್ನು ತೋರಿಸುತ್ತಿದ್ದಾಳೆ. ಅದು ಸಿಡುಬಿನ ಲಸಿಕೆ ಹಾಕಿದ ಜಾಗ ಎಂದು ಚಾನ್ಸಲರ್ ಹೇಳುತ್ತಾರೆ. ಹಿರಿಯ ರಾಣಿಯ ಮೂಗಿನ ಕೆಳಗೆ, ಬಾಯಿಯ ಸುತ್ತ ಬಣ್ಣ ಸ್ವಲ್ಪ ಬೇರೆಯಾಗಿದೆ. ಲಸಿಕೆ ಬರುವುದಕ್ಕೆ ಮುಂಚೆ ಸಿಡುಬಿನ ಒಣಗಿದ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದಿ, ರೋಗವನ್ನು ಹಗುರವಾಗಿ ಬರಿಸುವ ಒಂದು ಪದ್ಧತಿಯಿತ್ತು. ಆ ಕಲೆ ಅದರ ಗುರುತು ಎಂಬುದು ಅವರ ಊಹೆ. ಹಳೆಯ ಪದ್ಧತಿ ಒಂದು ಬದಿಗೆ, ಹೊಸ ಪದ್ಧತಿ ಇನ್ನೊಂದು ಬದಿಗೆ.

ಹಿನ್ನೆಲೆಯನ್ನು ನೆನೆದರೆ ಈ ಚಿತ್ರದ ತೂಕ ತಿಳಿಯುತ್ತದೆ. ಎಡ್ವರ್ಡ್ ಜೆನ್ನರ್ ಗೋಸಿಡುಬಿನ ಲಸಿಕೆಯನ್ನು ಪ್ರಯೋಗಿಸಿದ್ದು 1796ರಲ್ಲಿ. ಭಾರತದಲ್ಲಿ ಅದನ್ನು ಮೊದಲು ಯಶಸ್ವಿಯಾಗಿ ಹಾಕಿದ್ದು 1802ರ ಜೂನ್ 14ರಂದು, ಬೊಂಬಾಯಿಯಲ್ಲಿ, ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ. ಶೈತ್ಯಪೆಟ್ಟಿಗೆ ಇಲ್ಲದ ಕಾಲ. ಒಬ್ಬರ ತೋಳಿನ ಗುಳ್ಳೆಯ ರಸವನ್ನು ಇನ್ನೊಬ್ಬರ ತೋಳಿಗೆ ಹಾಕುತ್ತ ಊರಿಂದೂರಿಗೆ ಲಸಿಕೆ ನಡೆಯಬೇಕಿತ್ತು. ಜಾತಿ, ಮಡಿ, ಭಯ ಎಲ್ಲವೂ ಅಡ್ಡ ಬರುತ್ತಿದ್ದವು. ಸಿಡುಬು ಬಂದರೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದ ನಾಡಿನಲ್ಲಿ ರಾಣಿಯೇ ತೋಳು ತೋರಿಸಿದರೆ ಜನ ಧೈರ್ಯ ತಾಳುತ್ತಾರೆ. ಸಿಡುಬು ಲೋಕದಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 1980ರಲ್ಲಿ.

ಈ ಚಿತ್ರವನ್ನು 2007ರಲ್ಲಿ ಸೋದಬೀಸ್ ಸಂಸ್ಥೆ ಮಾರಾಟಕ್ಕೆ ಇಟ್ಟಿತ್ತು. 2020ರಲ್ಲಿ ಕೊರೋನಾ ಲಸಿಕೆಗಾಗಿ ಜಗತ್ತು ಕಾಯುತ್ತಿದ್ದಾಗ ಪತ್ರಿಕೆಗಳಲ್ಲಿ ಮತ್ತೆ ಸುದ್ದಿಯಾಯಿತು. ಬಣ್ಣ ಅದೇ, ಬಟ್ಟೆ ಅದೇ, ಮುಖಗಳೂ ಅವೇ. ಬದಲಾದದ್ದು ಹೆಸರು ಮಾತ್ರ. ಆ ಹೆಸರಿನಿಂದ ಒಂದು ಅಲಂಕಾರದ ಚಿತ್ರ ವೈದ್ಯಕೀಯ ಇತಿಹಾಸದ ದಾಖಲೆಯಾಯಿತು.

ಹೆಸರು ತಪ್ಪಾದರೆ ಏನಾಗುತ್ತದೆಂಬುದಕ್ಕೂ ಒಂದು ಉದಾಹರಣೆ ಕೊಡಬಹುದು. ಟಿಪ್ಪು ಸುಲ್ತಾನನ ‘ನಿಜವಾದ ಫೋಟೋ’ ಎಂದು ಒಂದು ಚಿತ್ರ ಕೈಯಿಂದ ಕೈಗೆ ಓಡಾಡುತ್ತಿರುತ್ತದೆ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಫೋಟೋಗ್ರಫಿ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ನಲವತ್ತು ವರ್ಷದ ಈ ಅಂತರ ಗೊತ್ತಿದ್ದರೆ ಮೋಸ ಹೋಗುವ ಪ್ರಸಂಗವೇ ಬರುವುದಿಲ್ಲ.

ಎರಡನೆಯ ಪ್ರಶ್ನೆ: ಬರೆದವರು ಯಾರು?

ಕ್ಯಾಟಲಾಗಿನ ಭಾಷೆ ವಕೀಲರ ಭಾಷೆಯಷ್ಟೇ ನಾಜೂಕು. ಚಿತ್ರಕಾರನ ಪೂರ್ಣ ಹೆಸರನ್ನು ಹಾಗೆಯೇ ಕೊಟ್ಟಿದ್ದರೆ, ಇದು ಅವನದೇ ಕೃತಿ ಎಂದು ಸಂಸ್ಥೆ ನಂಬಿದೆ ಎಂದರ್ಥ. ‘ಅವನದೆಂದು ಹೇಳಬಹುದಾದ’ ಎಂದಿದ್ದರೆ ಪ್ರಾಯಶಃ ಅವನದು, ಖಚಿತವಿಲ್ಲ. ‘ಅವನ ಕಾರ್ಯಾಗಾರದ’ ಎಂದರೆ ಶಿಷ್ಯರ ಕೈ. ‘ಅವನ ವಲಯದ’ ಎಂದರೆ ಅವನ ಕಾಲದ, ಅವನ ಪ್ರಭಾವವಿದ್ದ ಬೇರೊಬ್ಬನದು. ‘ಅವನ ರೀತಿಯ’ ಎಂದರೆ ಎಷ್ಟೋ ವರ್ಷಗಳ ನಂತರ ಅದೇ ಶೈಲಿಯಲ್ಲಿ ಬರೆದದ್ದು. ‘ಅವನ ಮೂಲವನ್ನು ಅನುಸರಿಸಿ’ ಎಂದರೆ ಸರಳವಾಗಿ, ನಕಲು. ‘ಸಹಿ ಮಾಡಿದೆ’ ಎನ್ನುವುದಕ್ಕೂ ‘ಸಹಿಯೊಂದನ್ನು ಹೊಂದಿದೆ’ ಎನ್ನುವುದಕ್ಕೂ ಅಂತರವಿದೆ. ಎರಡನೆಯದರಲ್ಲಿ ಆ ಸಹಿ ಬೇರೆ ಯಾರೋ ಮಾಡಿದ್ದಿರಬಹುದು. ಹೆಸರು ಒಂದೇ ಆದರೂ ಒಂದೊಂದು ಮೆಟ್ಟಿಲು ಇಳಿದಂತೆ ಬೆಲೆಯೂ ಇಳಿಯುತ್ತದೆ.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಗೊಂದಲ ಬೇರೆಯದು. ಮೈಸೂರು ಅರಮನೆಗಾಗಿ ಚಿತ್ರ ಬರೆದ ರಾಜಾ ರವಿವರ್ಮ (1848–1906) 1894ರಲ್ಲಿ ಬೊಂಬಾಯಿಯಲ್ಲಿ ಮುದ್ರಣಾಲಯ ತೆರೆದು ತಮ್ಮ ಚಿತ್ರಗಳನ್ನು ಅಚ್ಚು ಹಾಕಿಸಿದರು. ಆ ಅಚ್ಚಿನ ಪಟಗಳು ಹಳ್ಳಿಹಳ್ಳಿಗೆ ಹೋದವು. ಅವು ಹಳೆಯವು ನಿಜ, ಸುಂದರವೂ ನಿಜ, ಆದರೆ ಕೈಬರಹದ ಚಿತ್ರಗಳಲ್ಲ. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ವಾಚು ರಿಪೇರಿಯವರು ಬಳಸುವ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಸಾಕು. ಅಚ್ಚಿನಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಹೊರಮೈಯೆಲ್ಲ ಹರಡಿರುತ್ತವೆ. ಕುಂಚದ ಕೆಲಸದಲ್ಲಿ ಎಳೆಗಳು ಮುಖದ ತಿರುವನ್ನು ಅನುಸರಿಸಿ ಹೋಗುತ್ತವೆ. ಫೋಟೋದ ಮೇಲೆ ಬಣ್ಣ ಬಳಿದ ಚಿತ್ರಗಳೂ 19ನೇ ಶತಮಾನದ ಕೊನೆಯಲ್ಲಿ ಬಹಳ ಬಂದವು. ಅಲ್ಲಿ ಬಣ್ಣ ತೆಳುವಾಗಿರುವ ಕಡೆ ಕೆಳಗಿನ ಫೋಟೋ ಇಣುಕುತ್ತದೆ.

ಮೂರನೆಯ ಪ್ರಶ್ನೆ: ಯಾವುದರ ಮೇಲೆ?

ಕಿರುಚಿತ್ರಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಮಿನಿಯೇಚರ್’ ಎಂಬ ಪದಕ್ಕೆ ‘ಚಿಕ್ಕದು’ ಎಂಬ ಅರ್ಥ ಮೂಲದಲ್ಲಿ ಇರಲಿಲ್ಲ. ಅದು ‘ಮಿನಿಯಂ’ ಎಂಬ, ಸೀಸದಿಂದ ಮಾಡುವ ಕೆಂಪು ಬಣ್ಣದ ಲ್ಯಾಟಿನ್ ಹೆಸರಿನಿಂದ ಬಂದದ್ದು. ಹಸ್ತಪ್ರತಿಗಳಲ್ಲಿ ಆ ಕೆಂಪಿನಿಂದ ಅಕ್ಷರ ಬರೆಯುತ್ತಿದ್ದರು. ಯುರೋಪಿನಲ್ಲಿ ಮೊದಲು ಕಿರು ಭಾವಚಿತ್ರಗಳನ್ನು ನಯಗೊಳಿಸಿದ ಕರುವಿನ ಚರ್ಮದ ಮೇಲೆ ಬರೆದು, ಹಿಂದೆ ಇಸ್ಪೀಟಿನ ಎಲೆ ಅಂಟಿಸುತ್ತಿದ್ದರು. ಸುಮಾರು 1700ರ ಹೊತ್ತಿಗೆ ವೆನಿಸ್ಸಿನ ರೊಸಾಲ್ಬಾ ಕ್ಯಾರಿಯೆರಾ ಎಂಬ ಚಿತ್ರಕಾರ್ತಿ ದಂತದ ಹಾಳೆಯನ್ನು ಬಳಕೆಗೆ ತಂದಳು. ದಂತವನ್ನು ಒಂದು ಮಿಲಿಮೀಟರಿಗಿಂತ ತೆಳ್ಳಗೆ ಗರಗಸದಿಂದ ಸೀಳಿ, ಜಿಡ್ಡು ತೆಗೆದು, ಉಜ್ಜಿ, ಅದರ ಮೇಲೆ ಗೋಂದು ಬೆರೆಸಿದ ನೀರುಬಣ್ಣದಿಂದ ಬರೆಯುವುದು. ದಂತ ಬಣ್ಣವನ್ನು ಹೀರುವುದಿಲ್ಲ. ಒಂದು ಎಳೆ ತಪ್ಪಿದರೆ ಕೆಳಗಿನ ಬಣ್ಣವೂ ಎದ್ದು ಬರುತ್ತದೆ. ಆದರೆ ಬೆಳಕು ಅದರೊಳಗೆ ಸ್ವಲ್ಪ ಹಾಯುವುದರಿಂದ ಕೆನ್ನೆಗೆ ಜೀವಂತ ಚರ್ಮದ ಕಾಂತಿ ಬರುತ್ತದೆ. ಕೆಲವರು ಹಿಂಬದಿಗೆ ಬೆಳ್ಳಿಯ ಹಾಳೆಯಿಟ್ಟು ಆ ಕಾಂತಿಯನ್ನು ಇನ್ನೂ ಹೆಚ್ಚಿಸುತ್ತಿದ್ದರು.

ಭಾರತಕ್ಕೆ ಬಂದ ಯುರೋಪಿಯನ್ ಚಿತ್ರಕಾರರಲ್ಲಿ ಜಾನ್ ಸ್ಮಾರ್ಟ್ 1785ರಿಂದ ಹತ್ತು ವರ್ಷ ಮದ್ರಾಸಿನಲ್ಲಿ ಇಂಥ ಚಿತ್ರಗಳನ್ನು ಬರೆದ. ದೆಹಲಿಯ ಕುಶಲಕರ್ಮಿಗಳು ಬಾದಶಹರ, ಬೇಗಮರ ಮುಖಗಳನ್ನು ದಂತದ ಬಿಲ್ಲೆಗಳ ಮೇಲೆ ಬರೆದು ಪ್ರವಾಸಿಗಳಿಗೆ ಮಾರಿದರು. ನಮ್ಮ ಕೆ. ವೆಂಕಟಪ್ಪನವರೂ (1886–1965) ದಂತದ ಮೇಲೆ ಕಿರು ಭಾವಚಿತ್ರ ಬರೆದವರೇ. ಕಲೆ ದೊಡ್ಡದು, ಅನುಮಾನವಿಲ್ಲ. ಆದರೆ ದಂತ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಬದಿಗಿಡುವಂತಿಲ್ಲ.

ಏಷ್ಯಾದ ಆನೆಗಳಲ್ಲಿ ಕೋರೆದಂತ ಇರುವುದು ಗಂಡಿಗೆ ಮಾತ್ರ. ಬೇಟೆಗಾರರು ದಂತಿಗಳನ್ನೇ ಆರಿಸಿ ಕೊಂದದ್ದರಿಂದ ದಕ್ಷಿಣದ ಕಾಡುಗಳಲ್ಲಿ ಗಂಡು ಹೆಣ್ಣುಗಳ ಅನುಪಾತವೇ ಕೆಟ್ಟಿತು. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡುಗಳಲ್ಲಿ ದಂತದಿಂದಲೇ ಬೆಳೆದ ವೀರಪ್ಪನ್ ತಂಡ 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿ ಐವರು ಪೊಲೀಸರನ್ನು ಕೊಂದಿತು. ವೀರಪ್ಪನ್ 2004ರ ಅಕ್ಟೋಬರಿನಲ್ಲಿ ಸತ್ತ. ಈ ನಡುವಿನ ವರ್ಷಗಳಲ್ಲಿ ಸುತ್ತಲ ಹಳ್ಳಿಗಳ ಜನ ಒಂದು ಕಡೆ ಅವನ, ಇನ್ನೊಂದು ಕಡೆ ವಿಚಾರಣೆಯ ಭಯದಲ್ಲಿ ಬದುಕಿದರು.

ಇನ್ನೂರು ವರ್ಷ ಹಳೆಯ ಬಿಲ್ಲೆಗೂ ಆ ಕಾಡಿನ ಬೇಟೆಗೂ ಏನು ಸಂಬಂಧ ಎಂದು ಕೇಳಬಹುದು. ಹಳೆಯ ಚಿತ್ರ ಬರೆದ ದಂತ ಆ ಬೇಟೆಯದಲ್ಲ, ನಿಜ. ಆದರೆ ದಂತಕ್ಕೆ ತನ್ನ ವಯಸ್ಸನ್ನು ಹೇಳಿಕೊಳ್ಳಲು ಬಾಯಿಲ್ಲ. ಹೊಸ ದಂತವನ್ನು ಸೀಳಿ, ಚಹಾ ಕಷಾಯದಲ್ಲಿ ಹಳದಿ ಮಾಡಿ, ಹಳೆಯ ಚೌಕಟ್ಟಿಗೆ ಸೇರಿಸಿದರೆ ಅದು ‘ಪುರಾತನ’ವಾಗುತ್ತದೆ. ಹಳೆಯದಕ್ಕೆ ಬಾಗಿಲು ತೆರೆದಿಟ್ಟರೆ ಹೊಸದೂ ಅದರ ಬೆನ್ನಿಗೇ ನುಗ್ಗುತ್ತದೆ. ವಿಜ್ಞಾನದಲ್ಲಿ ಇದಕ್ಕೆ ಒಂದು ಉತ್ತರವಿದೆ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ ಏರಿತು. ಆ ಮೇಲೆ ಬೆಳೆದ ದಂತದಲ್ಲಿ ಅದರ ಗುರುತು ಸಿಗುತ್ತದೆ. ಆದರೆ ಅದಕ್ಕೆ ಚಿತ್ರದಿಂದಲೇ ಚೂರು ಕತ್ತರಿಸಬೇಕು, ಖರ್ಚೂ ಹೆಚ್ಚು.

ಆದ್ದರಿಂದಲೇ ಕಾನೂನು ಬಿಗಿಯಾಗಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ತಂದ ತಿದ್ದುಪಡಿ ಭಾರತೀಯ ದಂತದ ವ್ಯಾಪಾರವನ್ನೂ, 1991ರ ತಿದ್ದುಪಡಿ ಆಮದು ಮಾಡಿದ ದಂತದ ವ್ಯಾಪಾರವನ್ನೂ ನಿಲ್ಲಿಸಿದವು. ದಂತದ ಮೇಲಿನ ಚಿತ್ರ ಎಷ್ಟೇ ಹಳೆಯದಾಗಿರಲಿ, ಇಲ್ಲಿ ಅದನ್ನು ಮಾರುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಲು ಮುಖ್ಯ ವನ್ಯಜೀವಿ ಪರಿಪಾಲಕರ ಪ್ರಮಾಣಪತ್ರ ಬೇಕು. ಬ್ರಿಟನ್ನಿನ ದಂತ ಕಾಯಿದೆ 2018ರದು. ಜಾರಿಗೆ ಬಂದದ್ದು 2022ರ ಜೂನ್ 6ರಂದು. ಅದು ಕಿರು ಭಾವಚಿತ್ರಗಳಿಗೆಂದೇ ಒಂದು ವಿನಾಯಿತಿ ಇಟ್ಟಿದೆ: 1918ಕ್ಕಿಂತ ಹಿಂದಿನದಾಗಿರಬೇಕು, ಚಿತ್ರದ ಮೇಲ್ಮೈ 320 ಚದರ ಸೆಂಟಿಮೀಟರ್ ಮೀರಬಾರದು, ಮಾರುವ ಮುನ್ನ ನೋಂದಾಯಿಸಬೇಕು. ಅಲ್ಲಿ ನ್ಯಾಯವಾಗಿ ಕೊಂಡದ್ದನ್ನು ಇಲ್ಲಿ ತಂದು ಮಾರಬಹುದೆಂದು ಯಾರೂ ಭಾವಿಸಬಾರದು.

ನಾಲ್ಕನೆಯ ಪ್ರಶ್ನೆ: ಯಾವ ದಾರಿಯಿಂದ?

ಚಿತ್ರ ಬರೆದ ದಿನದಿಂದ ಇಂದಿನವರೆಗೆ ಯಾರ ಯಾರ ಕೈ ದಾಟಿ ಬಂತೆಂಬ ಸರಪಣಿಯೇ ಅದರ ವಂಶಾವಳಿ. ಹಳೆಯ ರಸೀತಿ, ಮನೆಯ ಉಯಿಲು, ಪ್ರದರ್ಶನದ ಚೀಟಿ, ಚೌಕಟ್ಟಿನ ಹಿಂದೆ ಅಂಟಿಸಿದ ಅಂಗಡಿಯ ಹೆಸರು ಎಲ್ಲವೂ ಅದರ ಕೊಂಡಿಗಳು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಶಯನಗೃಹದ್ದೆಂಬ ಕತ್ತಿಗೆ 1.4 ಕೋಟಿ ಪೌಂಡ್ ಬಂದದ್ದರಲ್ಲಿ ಉಕ್ಕಿನ ಪಾಲಿಗಿಂತ ಈ ಸರಪಣಿಯ ಪಾಲೇ ದೊಡ್ಡದು. ಅದೇ ಸರಪಣಿ 1799ರ ಲೂಟಿಯ ದಾಖಲೆಯೂ ಹೌದೆಂಬುದನ್ನು ನಾವು ಮರೆಯುವಂತಿಲ್ಲ.

ನಮ್ಮ ದೇಶದೊಳಗೆ 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯಿದೆ 1976ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಚಿತ್ರ ಪುರಾತನ ವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದು ಅಪರಾಧ. ಶಿಕ್ಷೆ ಆರು ತಿಂಗಳಿಂದ ಮೂರು ವರ್ಷದವರೆಗಿನ ಸೆರೆವಾಸ ಮತ್ತು ದಂಡ. ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು, ಹಳೆಯ ವರ್ಣಚಿತ್ರಗಳನ್ನು ನೋಂದಾಯಿಸಬೇಕು. ರವಿವರ್ಮರ ಮೂಲಕೃತಿಗಳು ಕಲಾನಿಧಿ ಎಂದು ಘೋಷಿತವಾಗಿರುವುದರಿಂದ ಅವೂ ದೇಶ ಬಿಡುವಂತಿಲ್ಲ. ದೇಶದೊಳಗೆ ಕೊಡು-ಕೊಳ್ಳುವುದಕ್ಕೆ ಅಡ್ಡಿಯಿಲ್ಲ. ‘ಕಾಗದ ಪತ್ರ ಆಮೇಲೆ ಕೊಡುತ್ತೇನೆ’ ಎನ್ನುವವರಿಂದ ಕೊಳ್ಳದಿರುವುದೇ ಕ್ಷೇಮ.

ಮನೆಯಲ್ಲಿ ಮಾಡಬಹುದಾದದ್ದು

ಹರಾಜಿಗೆ ಹೋಗುವವರು ನಮ್ಮಲ್ಲಿ ಬೆರಳೆಣಿಕೆಯವರು. ಹಳೆಯ ಚಿತ್ರ ಇಟ್ಟುಕೊಂಡವರು ಸಾವಿರಾರು. ಅವರಿಗೆ ನಾಲ್ಕು ಮಾತು.

ಬಿಸಿಲು ಬೀಳುವ ಗೋಡೆಗೆ ನೀರುಬಣ್ಣದ ಚಿತ್ರ ಹಾಕಬೇಡಿ. ಇಂಥ ಚಿತ್ರಗಳಿಗೆ ವಸ್ತುಸಂಗ್ರಹಾಲಯಗಳಲ್ಲಿ ಸಾಮಾನ್ಯವಾಗಿ 50 ಲಕ್ಸ್ ಬೆಳಕಿನ ಮಿತಿ ಇಡುತ್ತಾರೆ. ಟಿ.ವಿ. ಸ್ಟುಡಿಯೋದಲ್ಲಿ ನಾವು ಉರಿಸುವ ದೀಪಗಳ ಬೆಳಕು ಅದರ ಹತ್ತಾರು ಪಟ್ಟು. ಆದ್ದರಿಂದಲೇ ಇಂಥ ಚಿತ್ರಗಳ ಮೂಲಪ್ರತಿಯನ್ನು ದೀಪದ ಕೆಳಗಿಡುವುದಕ್ಕಿಂತ ಅದರ ಛಾಯಾಪ್ರತಿಯನ್ನು ತೋರಿಸುವುದು ಲೇಸು. ಒದ್ದೆ ಬಟ್ಟೆಯಿಂದ ಚಿತ್ರವನ್ನು ಒರೆಸಬೇಡಿ. ಗೋಂದಿನ ಬಣ್ಣ ನೀರಿಗೆ ಕರಗುತ್ತದೆ. ಮಳೆಗಾಲದ ತೇವಕ್ಕೆ ದಂತ ಬಾಗುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಚೌಕಟ್ಟು ಬದಲಿಸುವಾಗ ಹಿಂಬದಿಯ ಹಳೆಯ ಕಾಗದವನ್ನು ಎಸೆಯಬೇಡಿ. ಹೆಸರು, ತಾರೀಖು ಅಡಗಿರುವುದು ಅಲ್ಲಿಯೇ.

ಕೊನೆಯದು ಎಲ್ಲಕ್ಕಿಂತ ಸುಲಭ, ಖರ್ಚೂ ಇಲ್ಲ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಗೋಡೆಯ ಮೇಲಿನ, ಪೆಟ್ಟಿಗೆಯೊಳಗಿನ ಪ್ರತಿಯೊಂದು ಚಿತ್ರದಲ್ಲಿರುವವರ ಹೆಸರು, ಊರು, ಸಂಬಂಧ, ನೆನಪಿದ್ದರೆ ವರ್ಷ ಕೇಳಿ ಬರೆದಿಡಿ. ಪೆನ್ನಿನಿಂದ ಚಿತ್ರದ ಬೆನ್ನಿಗೇ ಬರೆಯಬೇಡಿ, ಮಸಿ ಇಳಿದೀತು. ಮೆತ್ತನೆಯ ಪೆನ್ಸಿಲಿನಿಂದ ಬೇರೆ ಕಾಗದದ ಮೇಲೆ ಬರೆದು ಚೌಕಟ್ಟಿನ ಹಿಂದೆ ಸಿಕ್ಕಿಸಿ. ಒಂದು ದೊಡ್ಡ ಅರಮನೆಯ ರಾಣಿಯರೇ ಬರೆದಿಟ್ಟ ಹೆಸರಿಲ್ಲದೆ ಬಹುಕಾಲ ಬೇರೆ ಯಾರೋ ಆಗಿ ಗೋಡೆಯ ಮೇಲೆ ನಿಲ್ಲಬೇಕಾಯಿತು. ಅವರಿಗೆ ಹೆಸರು ಹುಡುಕಿಕೊಡಲು ಆಸ್ಥಾನದ ಕಡತಗಳಿದ್ದವು, ಓದಬಲ್ಲ ವಿದ್ವಾಂಸರಿದ್ದರು. ಕೌದಳ್ಳಿಯ, ಅಜ್ಜೀಪುರದ, ರಾಮಾಪುರದ ಒಬ್ಬ ಅಜ್ಜಿಯ ಹೆಸರು ಯಾವ ಕಡತದಲ್ಲೂ ಸಿಗುವುದಿಲ್ಲ. ಅದು ಈಗ ಇರುವುದು ಇನ್ನೊಬ್ಬ ಅಜ್ಜಿಯ ನೆನಪಿನಲ್ಲಿ ಮಾತ್ರ.